ಈಜು ಬರುತ್ತಿದ್ದವನು ಯಾಕೆ ಮುಳುಗಿದ?

ನಮ್ಮ ವಾರ್ಡಿನಲ್ಲಿ ವಿದ್ಯಾರ್ಥಿಗಳು ಬರೆಯುವ ಕೇಸ್ ಶೀಟಿನಲ್ಲಿ ಅತ್ಯಂತ ಅನಾದರಕ್ಕೆ ಗುರಿಯಾದ ಸಾಲು ಯಾವುದೆಂದು ಕೇಳಿದರೆ ನಾನು ಯೋಚಿಸದೆ ‘ಫ್ಯಾಮಿಲಿ ಹಿಸ್ಟರಿ’ ಎನ್ನುತ್ತೇನೆ. ರೋಗಿಯ ನೋವು ನರಳಾಟಕ್ಕೆ ಒಂದು ಪುಟ, ಹೊಟ್ಟೆ ಮುಟ್ಟಿ ಎದೆ ಬಡಿದು ನೋಡಿದ್ದಕ್ಕೆ ಎರಡು ಪುಟ. ಮನೆತನದ ಸಂಗತಿಗೆ ಮಾತ್ರ ಎರಡೇ ಪದ: ನಥಿಂಗ್ ಸಿಗ್ನಿಫಿಕೆಂಟ್. ಎಂಟು ಮಕ್ಕಳನ್ನು ಹೆತ್ತು ಐವರನ್ನು ಮಣ್ಣು ಮಾಡಿದ ಮುದುಕಿಯ ಹೆಸರಿನ ಕೆಳಗೂ ಆ ಎರಡು ಪದ ನೋಡಿದ್ದೇನೆ. ಹುಡುಗರನ್ನು ಪೂರ್ತಿ ದೂರುವಂತೆಯೂ ಇಲ್ಲ. ಅವರು ಕೇಳಿಯೇ ಕೇಳಿರುತ್ತಾರೆ. “ನಿಮ್ಮ ಮನೇಲಿ ಯಾರಿಗಾದ್ರೂ ಶುಗರು, ಬಿಪಿ, ಹಾರ್ಟು, ಟಿಬಿ, ಫಿಟ್ಸು ಇದೆಯಾ?” ಎಂದು ಒಂದೇ ಉಸಿರಿನಲ್ಲಿ, ಬಸ್ ಕಂಡಕ್ಟರ್ ಊರುಗಳ ಹೆಸರು ಕೂಗಿದ ಹಾಗೆ. ರೋಗಿ “ಇಲ್ಲ” ಎನ್ನುತ್ತಾನೆ. ಇದ್ದರೂ ಇಲ್ಲ ಎನ್ನುವುದೇ ವಾಡಿಕೆ. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿರುವಾಗ ವಂಶದ ಕಾಯಿಲೆಯನ್ನು ಜನರಲ್ ವಾರ್ಡಿನ ನಲವತ್ತು ಜನರ ಮುಂದೆ ಯಾರು ಹೇಳಿಕೊಳ್ಳುತ್ತಾರೆ?

ನಾನು ಜನರಲ್ ಮೆಡಿಸಿನ್ ಪಾಠ ಮಾಡುವವನು. ವಿ.ಸಿ. ನಾಲೆಯ ನೀರು ಹರಿಯುವ ಸೀಮೆಯಲ್ಲಿ, ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ನಾವು ಓದುವಾಗ ವಾರ್ಡೇ ಶಾಲೆಯಾಗಿತ್ತು ಎಂದು ಹೇಳಿ ಈಗಿನವರನ್ನು ಹೀಗಳೆಯುವ ಅಭ್ಯಾಸ ನನ್ನ ವಯಸ್ಸಿನ ಮೇಷ್ಟ್ರುಗಳಿಗೆಲ್ಲ ಇದೆ. ನನಗೆ ಅದರಲ್ಲಿ ಪೂರ್ತಿ ನಂಬಿಕೆಯಿಲ್ಲ. ನಮ್ಮ ಕಾಲದಲ್ಲೂ ಮೇಷ್ಟ್ರು ಬರುವ ಹತ್ತು ನಿಮಿಷ ಮೊದಲು ಸಿಸ್ಟರ್‌ಗಳ ಟೇಬಲ್ಲಿನಿಂದ ಹಳೆಯ ಕೇಸ್ ಶೀಟು ಎಗರಿಸಿ ಬಾಯಿಪಾಠ ಮಾಡುವವರಿದ್ದರು. 2019ರಲ್ಲಿ ಎಂಬಿಬಿಎಸ್ ಪಠ್ಯಕ್ರಮ ಬದಲಾಯಿತು. ಮೊದಲ ವರ್ಷದಿಂದಲೇ ರೋಗಿಗಳ ಮುಖ ನೋಡಬೇಕು, ರೋಗಿಯೊಡನೆ ಮಾತನಾಡುವುದನ್ನು ಕಲಿಯಬೇಕು, ಹೊರರಾಜ್ಯದವರು ಇಲ್ಲಿನ ಭಾಷೆ ಕಲಿಯಬೇಕು ಎಂದೆಲ್ಲ ಅದರಲ್ಲಿದೆ. ಆಮೇಲೆ ಹಳ್ಳಿಯ ಒಂದಿಷ್ಟು ಕುಟುಂಬಗಳನ್ನು ‘ದತ್ತು’ ತೆಗೆದುಕೊಳ್ಳುವುದೂ ಸೇರಿಕೊಂಡಿತು. ಒಳ್ಳೆಯದೇ. ಆದರೆ ಸಂಜೆಯಾದರೆ ಎಲ್ಲರೂ ಲೈಬ್ರರಿಯಲ್ಲಿ ನೀಟ್ ಪಿಜಿಯ ಪ್ರಶ್ನೆಗಳನ್ನು ಬಿಡಿಸುತ್ತಾ ಕೂತಿರುತ್ತಾರೆ. ಸೀಟು ಕೊಡುವುದು ವಾರ್ಡಲ್ಲ, ಆ ಪರೀಕ್ಷೆ.

ಆ ಪ್ರಶ್ನೆಗಳಲ್ಲಿ ಪದೇ ಪದೇ ಬರುವ ಒಂದು ಕಾಯಿಲೆಯ ಹೆಸರು ಲಾಂಗ್ ಕ್ಯೂಟಿ ಸಿಂಡ್ರೋಮ್. ಹೃದಯದ ಲಯ ತಪ್ಪಿಸುವ, ವಂಶದಲ್ಲಿ ಇಳಿದು ಬರುವ ತೊಂದರೆ. ನಮ್ಮ ಹುಡುಗರಿಗೆ ಇದು ಮಗ್ಗಿಯ ಹಾಗೆ ಬರುತ್ತದೆ. ಈಜುವಾಗ ಬಿದ್ದರೆ ಒಂದನೇ ಬಗೆ, ಅಲಾರಂ ಸದ್ದಿಗೆ ಬಿದ್ದರೆ ಎರಡನೇ ಬಗೆ, ನಿದ್ದೆಯಲ್ಲಿ ಹೋದರೆ ಮೂರನೆಯದು. ಜೀನುಗಳ ಹೆಸರೂ ಗೊತ್ತು. ತಪ್ಪೇನಿಲ್ಲ, ಇವೆಲ್ಲ ನಿಜವಾದ ಸಂಗತಿಗಳೇ. ಆದರೆ ಪ್ರಶ್ನೆಪತ್ರಿಕೆಯ ರೋಗಿ ತನ್ನ ಉತ್ತರವನ್ನು ಕೈಯಲ್ಲಿ ಹಿಡಿದುಕೊಂಡೇ ಬರುತ್ತಾಳೆ. ನಾಲ್ಕು ಸಾಲಿನೊಳಗೆ ಈಜುಕೊಳವೋ ಗಡಿಯಾರವೋ ಇದ್ದೇ ಇರುತ್ತದೆ. ವಾರ್ಡಿಗೆ ಬರುವ ರೋಗಿ ಹಾಗೆ ಬರುವುದಿಲ್ಲ.

ನಮ್ಮಲ್ಲಿಗೆ ಬಂದವಳು ಒಂಬತ್ತನೇ ಕ್ಲಾಸಿನ ಹುಡುಗಿ, ಹದಿನಾಲ್ಕು ವರ್ಷ. ಸ್ಕೂಲಿನ ಕ್ರೀಡಾಕೂಟಕ್ಕೆ ಓಟದ ಅಭ್ಯಾಸ ಮಾಡುವಾಗ ಬಿದ್ದಿದ್ದಳು. ಇದು ಮೂರನೇ ಸಲ. ಮೊದಲ ಸಲ ಬಿದ್ದಾಗ ಕೈಕಾಲು ಅದುರಿದ್ದನ್ನು ಕಂಡ ಯಾರೋ ಬೀಗದಕೈ ಹಿಡಿಸಿದ್ದರು. ಬೇರೊಂದು ಕಡೆ ಅವಳಿಗೆ ಫಿಟ್ಸ್ ಎಂದು ಹೇಳಿ ಮಾತ್ರೆ ಶುರುಮಾಡಿ ಎರಡು ವರ್ಷವಾಗಿತ್ತು. ಅದರ ಮೇಲೂ ಬಿದ್ದಳು. ಮಾತ್ರೆಯ ಪ್ರಮಾಣ ಏರಿಸಿದರು. ಈ ಸಲವೂ ‘ಫಿಟ್ಸ್, ಮಾತ್ರೆಗೆ ಬಗ್ಗುತ್ತಿಲ್ಲ’ ಎಂಬ ಚೀಟಿಯೊಡನೆಯೇ ಬಂದಿದ್ದಳು. ಎರಡು ವರ್ಷದಲ್ಲಿ ಒಂದು ಇಸಿಜಿಯನ್ನೂ ಯಾರೂ ತೆಗೆಸಿರಲಿಲ್ಲ. ಇಂಥದ್ದು ನಮ್ಮ ಊರಿಗೆ ಮಾತ್ರ ಸೀಮಿತವಲ್ಲ. ಈ ರೋಗದ ಮಕ್ಕಳಿಗೆ ಮೊದಲು ಅಂಟುವ ಹಣೆಪಟ್ಟಿ ಅಪಸ್ಮಾರವೇ ಎಂದು ಲೋಕದ ಎಲ್ಲ ಕಡೆಯ ವೈದ್ಯರೂ ಬರೆದಿದ್ದಾರೆ. ಲಯ ತಪ್ಪಿದ ಹೃದಯ ರಕ್ತವನ್ನು ಮೇಲಕ್ಕೆ ಕಳಿಸುವುದನ್ನು ನಿಲ್ಲಿಸಿದರೆ ಮೆದುಳು ಒದ್ದಾಡುತ್ತದೆ, ಕೈಕಾಲು ಅದುರುತ್ತವೆ. ನೋಡುವವರ ಕಣ್ಣಿಗೆ ಕಾಣುವುದು ಅದುರುವ ಕೈಕಾಲು. ಎದೆಯೊಳಗೆ ಆಗುತ್ತಿರುವುದು ಯಾರಿಗೆ ಕಾಣಬೇಕು?

ಆ ಹುಡುಗಿಯ ಕೇಸ್ ತೆಗೆದುಕೊಳ್ಳಲು ಬಂದವಳು ಕೊನೆಯ ವರ್ಷದ ವಿದ್ಯಾರ್ಥಿನಿ, ರಾಜಸ್ಥಾನದ ಕಡೆಯವಳು. ನಾಲ್ಕು ವರ್ಷವಾದರೂ ಅವಳ ಕನ್ನಡ ಇನ್ನೂ ಊರುಗೋಲು ಹಿಡಿದೇ ನಡೆಯುತ್ತಿತ್ತು. ‘ನಿಮಗೆ ನೋವು ಎಲ್ಲಿ ಇದ್ದಾನೆ?’ ಎಂದು ಕೇಳಿ ವಾರ್ಡನ್ನು ನಗಿಸುವವಳು. ನಗುವುದನ್ನು ಅವಳೂ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಕನ್ನಡ ಬಲ್ಲ ಗೆಳತಿಯರು ಅರ್ಧ ಗಂಟೆಯಲ್ಲಿ ಮುಗಿಸುವ ಕೆಲಸಕ್ಕೆ ಅವಳಿಗೆ ಎರಡು ಗಂಟೆ ಬೇಕಾಗುತ್ತಿತ್ತು. ಹಾಗಾಗಿ ಕ್ಲಿನಿಕ್ ಮುಗಿದ ಮೇಲೂ, ಸಂಜೆ ಸಂದರ್ಶಕರ ಗದ್ದಲದ ನಡುವೆಯೂ ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿರುತ್ತಿದ್ದಳು.

ಮಾರನೇ ದಿನ ಬೆಳಗ್ಗೆ ಅವಳು ಕೇಸ್ ಹೇಳತೊಡಗಿದಾಗ ಮೊದಲ ಹತ್ತು ನಿಮಿಷ ಹೊಸದೇನೂ ಇರಲಿಲ್ಲ. ಬಿದ್ದಿದ್ದು, ಅದುರಿದ್ದು, ಒಂದೆರಡು ನಿಮಿಷದಲ್ಲಿ ಎಚ್ಚರವಾದದ್ದು. “ಎದ್ದ ಮೇಲೆ ಹೇಗಿದ್ದಳು?” ಎಂದು ಕೇಳಿದೆ. “ಎದ್ದು ಕೂತು, ‘ರೇಸ್‌ನಲ್ಲಿ ಯಾರು ಫಸ್ಟ್ ಬಂದರು’ ಎಂದು ಕೇಳಿದಳಂತೆ ಸರ್,” ಎಂದಳು. ಉಳಿದವರು ನಕ್ಕರು. ನನಗೆ ಕಿವಿ ನೆಟ್ಟಗಾಯಿತು. ನಿಜವಾದ ಫಿಟ್ಸ್ ಬಂದು ಹೋದವರು ಹಾಗೆ ಥಟ್ಟನೆ ಲೋಕಕ್ಕೆ ಮರಳುವುದಿಲ್ಲ. ಮಂಪರು, ಗೊಂದಲ, ಮೈಕೈ ನೋವು, ನಿದ್ದೆ, ಇವೆಲ್ಲ ಸ್ವಲ್ಪ ಹೊತ್ತಾದರೂ ಇರುತ್ತವೆ. ಹೃದಯ ತಡವರಿಸಿ ಬಿದ್ದವರು ಮುಖ ಬಿಳಿಚಿಕೊಂಡಿದ್ದರೂ ಬುದ್ಧಿ ತಿಳಿಯಾಗಿಯೇ ಏಳುತ್ತಾರೆ.

ಆಮೇಲೆ ಅವಳು ಫ್ಯಾಮಿಲಿ ಹಿಸ್ಟರಿಗೆ ಬಂದಳು. ಕೇಸ್ ಶೀಟಿನ ಹಿಂಬದಿಯನ್ನು ತಿರುಗಿಸಿ ತೋರಿಸಿದಳು. ಇಡೀ ಪುಟದ ತುಂಬ ಚೌಕ ಮತ್ತು ವೃತ್ತಗಳು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಸತ್ತವರ ಮೇಲೆ ಅಡ್ಡಗೀಟು, ಸಂಬಂಧದೊಳಗೆ ಆದ ಮದುವೆಗೆ ಜೋಡಿಗೀಟು. ಅದನ್ನು ಬರೆಯುವಾಗ ಹುಡುಗಿಯ ಅಜ್ಜಿ ಬಗ್ಗಿ ನೋಡಿ “ಇದೇನವ್ವ, ರಂಗೋಲಿ ಬುಡ್ತಾ ಇದ್ದೀಯ?” ಎಂದು ಕೇಳಿದರಂತೆ.

ಅವಳು ಕೇಳಿದ ಪ್ರಶ್ನೆ ಇಷ್ಟೇ: “ಅಜ್ಜಿ, ನಿಮ್ಮ ಮನೆಯಲ್ಲಿ ಯಾರು ಯಾರು ಸತ್ತರು? ಹೇಗೆ ಸತ್ತರು?”

ಕನ್ನಡದಲ್ಲಿ ಹುಟ್ಟಿ ಬೆಳೆದವರು ಯಾರೂ ಹೀಗೆ ಕೇಳುವುದಿಲ್ಲ. ನಮ್ಮಲ್ಲಿ ಮನುಷ್ಯರು ಸಾಯುವುದಿಲ್ಲ. ತೀರಿಕೊಳ್ಳುತ್ತಾರೆ, ಹೋಗಿಬಿಡುತ್ತಾರೆ, ಶಿವನ ಪಾದ ಸೇರುತ್ತಾರೆ, ಇಲ್ಲವಾಗುತ್ತಾರೆ. ‘ಸತ್ತರು’ ಎಂಬುದನ್ನು ಎದುರಿಗೆ ಕೂತ ಹಿರಿಯರಿಗೆ ಆಡಿದರೆ ಅದು ಬೈಗುಳಕ್ಕೆ ಹತ್ತಿರ. ಹುಡುಗಿಯ ತಾಯಿಗೆ ಸಿಟ್ಟು ಬಂದು ಮುಖ ತಿರುಗಿಸಿದ್ದಳಂತೆ. ಅಜ್ಜಿ ಮಾತ್ರ ಬೇಜಾರು ಮಾಡಿಕೊಳ್ಳದೆ ಬೆರಳು ಮಡಿಸುತ್ತಾ ಹೋದರು. ಅಪ್ಪ ವಯಸ್ಸಾಗಿ. ಗಂಡ ಕೆಮ್ಮಿ ಕೆಮ್ಮಿ. ಒಂದು ಕೂಸು ಹುಟ್ಟಿದ ವಾರಕ್ಕೆ. “ದೊಡ್ಮಗ ನಾಲೇಲಿ ಹೋದ ಕಣವ್ವ. ಹದಿನೇಳು ವರ್ಸ.”

“ಅವರಿಗೆ ಈಜು ಬರಲ್ಲವಾ?”

“ಬರ್ದೆ ಏನು! ಮೀನಿದ್ದಂಗಿದ್ದ ನನ್ ಮಗ. ಈ ದಡದಿಂದ ಆ ದಡಕ್ಕೆ ಹತ್ತ್ ಸಲ ಹೋಗ್ ಬರೋನು. ಅವತ್ತು ಧುಮುಕ್ದೋನು ಮೇಲಕ್ಕೇ ಬರ್ನಿಲ್ಲ. ನೀರಿನ ತಾಯಿ ಕರ್ಕೊಂಡ್ಲು ಅಂದ್ರು.”

ವಾರ್ಡಿನಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಮಗ್ಗಿ ಬಲ್ಲ ಹುಡುಗರ ಮುಖದಲ್ಲಿ ಒಂದನೇ ಬಗೆ, ಒಂದನೇ ಬಗೆ ಎಂದು ಬರೆದದ್ದು ನನಗೆ ಕಾಣುತ್ತಿತ್ತು. ಅವರೆಲ್ಲ ಇದೇ ಮನೆಯವರನ್ನು ‘ಹಾರ್ಟ್ ತೊಂದರೆ ಯಾರಿಗಾದರೂ ಇದೆಯಾ’ ಎಂದು ಕೇಳಿ, ಇಲ್ಲ ಎಂಬ ಉತ್ತರ ಬರೆದುಕೊಂಡಿದ್ದರು. ಮನೆಯವರು ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಆ ಮಗ ಸತ್ತದ್ದು ಹೃದಯದಿಂದಲ್ಲ, ನೀರಿನಿಂದ.

ಇಸಿಜಿಯ ಪಟ್ಟಿಯನ್ನು ಟೇಬಲ್ಲಿನ ಮೇಲೆ ಹಾಸಿದೆವು. ಆ ಕಾಗದ ಸೆಕೆಂಡಿಗೆ 25 ಮಿಲಿಮೀಟರಿನ ವೇಗದಲ್ಲಿ ಓಡುತ್ತದೆ, ಒಂದು ಸಣ್ಣ ಚೌಕ ಎಂದರೆ 0.04 ಸೆಕೆಂಡ್. ಒಂದು ಬಡಿತದ ಮೊನೆಯಿಂದ ಇನ್ನೊಂದರ ಮೊನೆಗೆ 20 ಚೌಕ. ಕ್ಯೂ ಅಲೆ ಶುರುವಾದಲ್ಲಿಂದ ಟಿ ಅಲೆ ಮುಗಿಯುವವರೆಗೆ ಎಣಿಸಿ ಎಂದೆ. ಒಬ್ಬೊಬ್ಬರೂ ಬಗ್ಗಿ ಎಣಿಸಿದರು. ಹನ್ನೆರಡು. ನಾಡಿ ಮಾಮೂಲು ವೇಗದಲ್ಲಿದ್ದಾಗ ಆ ಅಂತರ ಎರಡು ಬಡಿತಗಳ ನಡುವಿನ ಅರ್ಧವನ್ನು ದಾಟಬಾರದು ಎಂಬುದು ವಾರ್ಡಿನ ಹಳೆಯ ಲೆಕ್ಕ. ಇಲ್ಲಿ ದಾಟಿತ್ತು. ಬಜೆಟ್ ಎಂಬ ಇಂಗ್ಲೆಂಡಿನ ವೈದ್ಯ 1920ರಲ್ಲಿ ಕೊಟ್ಟ ಸೂತ್ರ ಹಾಕಿದರೆ 537 ಮಿಲಿಸೆಕೆಂಡ್ ಬರುತ್ತದೆ. 460ರ ಮೇಲೆ ಹೋದರೆ ನಾವು ಹುಬ್ಬು ಏರಿಸುತ್ತೇವೆ. 500 ದಾಟಿದರೆ ಕುರ್ಚಿಯಿಂದ ಏಳುತ್ತೇವೆ.

ಈ ಕ್ಯೂಟಿ ಎಂದರೇನು ಎಂದು ಓದುಗರಿಗೆ ಹೇಳಲು ನಮ್ಮ ನಾಲೆಯ ತೂಬೇ ಸಾಕು. ಪ್ರತಿ ಬಡಿತದಲ್ಲೂ ಹೃದಯದ ಜೀವಕೋಶಕ್ಕೆ ಸೋಡಿಯಂ ನುಗ್ಗುತ್ತದೆ. ಕೋಶ ಕುಗ್ಗುತ್ತದೆ. ಮುಂದಿನ ಬಡಿತಕ್ಕೆ ಅಣಿಯಾಗಬೇಕಾದರೆ ಪೊಟ್ಯಾಸಿಯಂ ಹೊರಗೆ ಹರಿದು ಹೋಗಬೇಕು. ಹೊರಗೆ ಬಿಡುವ ತೂಬುಗಳನ್ನು ಕಟ್ಟುವುದು ಬೇರೆ ಬೇರೆ ಜೀನುಗಳು. ಅವುಗಳಲ್ಲಿ ಒಂದರ ಹೆಸರು ಕೆಸಿಎನ್‌ಕ್ಯೂ1. ನಾವು ಓಡುವಾಗ, ಈಜುವಾಗ, ಹೆದರಿದಾಗ ಅಡ್ರಿನಲಿನ್ ಏರಿ ಬಡಿತದ ವೇಗ ಹೆಚ್ಚುತ್ತದೆ. ಆಗ ಆ ತೂಬು ಇನ್ನಷ್ಟು ಅಗಲವಾಗಿ ತೆರೆದುಕೊಳ್ಳಬೇಕು. ಜೀನಿನಲ್ಲಿ ಊನವಿದ್ದರೆ ತೆರೆಯುವುದಿಲ್ಲ. ಬಡಿತಗಳು ಒಂದರ ಬೆನ್ನಿಗೊಂದು ಬರುತ್ತಿವೆ, ಕೋಶ ಮಾತ್ರ ಹಿಂದಿನದನ್ನೇ ಇನ್ನೂ ಮುಗಿಸಿಲ್ಲ. ಆ ಹೊತ್ತಿನಲ್ಲಿ ಬಿದ್ದ ಒಂದು ಅಪಬಡಿತ ಸಾಕು, ಹೃದಯ ಲಯ ಬಿಟ್ಟು ತಿರುಚಾಡತೊಡಗುತ್ತದೆ. ಕಾಗದದ ಮೇಲೆ ಅದು ಜಡೆ ಹೆಣೆದಂತೆ ಕಾಣುತ್ತದೆ. 1966ರಲ್ಲಿ ಫ್ರಾನ್ಸಿನ ದೆಸೆರ್ತೆನ್ ಅದಕ್ಕೆ ‘ಟಾರ್ಸಾಡ್ ದ ಪಾಯಿಂಟ್’ ಎಂದು ಹೆಸರಿಟ್ಟರು, ತಿರುಚುವ ಮೊನೆಗಳು ಎಂದು. ಎಷ್ಟೋ ಸಲ ಅದು ತಾನಾಗಿಯೇ ನಿಲ್ಲುತ್ತದೆ. ಮಗು ಎದ್ದು ಯಾರು ಫಸ್ಟ್ ಬಂದರು ಎಂದು ಕೇಳುತ್ತದೆ. ಕೆಲವು ಸಲ ನಿಲ್ಲುವುದಿಲ್ಲ. ನೆಲದ ಮೇಲೆ ಬಿದ್ದರೆ ಏಳಲು ಅವಕಾಶವಾದರೂ ಇದೆ, ನಾಲೆಯಲ್ಲಿ ಅದೂ ಇಲ್ಲ.

ಆ ವಾರ ಕ್ಲಿನಿಕ್ಕಿಗೆ ಬೇರೆ ಕೇಸ್ ಇಟ್ಟುಕೊಳ್ಳಲಿಲ್ಲ. ಈ ರೋಗದ ಕಥೆ ನನಗೆ ಬಹಳ ಇಷ್ಟ, ಪಠ್ಯಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ. 1856ರಲ್ಲಿ ಲೈಪ್‌ಜಿಗ್‌ನ ಮೈಸ್ನರ್ ಎಂಬ ವೈದ್ಯ ಕಿವುಡು ಮಕ್ಕಳ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಒಬ್ಬ ಕಿವುಡು ಹುಡುಗಿಯ ಪ್ರಸ್ತಾಪ ಬರುತ್ತದೆ. ಶಾಲೆಯಲ್ಲಿ ಏನೋ ಸಣ್ಣ ತಪ್ಪು ಮಾಡಿದಳೆಂದು ಮುಖ್ಯಸ್ಥರ ಮುಂದೆ ನಿಲ್ಲಿಸಿದರು. ಹುಡುಗಿ ನಿಂತಲ್ಲೇ ಕುಸಿದು ಸತ್ತಳು. ತಂದೆ ತಾಯಿಗೆ ಸುದ್ದಿ ಮುಟ್ಟಿಸಿದರೆ ಅವರಿಗೆ ಅಚ್ಚರಿಯೇ ಆಗಲಿಲ್ಲ. ಅವರ ಇನ್ನೊಂದು ಮಗು ಹೆದರಿ ಹೀಗೆಯೇ ಸತ್ತಿತ್ತು, ಮತ್ತೊಂದು ಸಿಟ್ಟಿನಲ್ಲಿ. ಇಸಿಜಿ ಯಂತ್ರ ಬರಲು ಇನ್ನೂ ಅರ್ಧ ಶತಮಾನ ಬಾಕಿಯಿತ್ತು. ಮನೆಯವರಿಗೆ ಮಾತ್ರ ಗೊತ್ತಿತ್ತು. ನಮ್ಮಲ್ಲೂ ‘ಹೆದರಿ ಎದೆ ಒಡೆದು ಸತ್ತ’ ಎಂಬ ಮಾತಿದೆ. ಹಾವು ಕಂಡು, ಪಟಾಕಿ ಸದ್ದಿಗೆ, ಸಾವಿನ ಸುದ್ದಿಗೆ. ಡಾಕ್ಟರಿಕೆ ಕಲಿತವರು ಅದನ್ನು ಕೇಳಿ ಮೂಢನಂಬಿಕೆ ಎಂಬಂತೆ ನಗುತ್ತೇವೆ. ಹಾಗೆ ಹೇಳಿದ್ದೆಲ್ಲವೂ ಈ ಕಾಯಿಲೆಯೇ ಎಂದು ನಾನು ವಾದಿಸುತ್ತಿಲ್ಲ. ಹರೆಯದವರ ಬಗ್ಗೆ ಆ ಮಾತು ಕಿವಿಗೆ ಬಿದ್ದರೆ ನಗುವ ಮೊದಲು ಅವರ ಒಡಹುಟ್ಟಿದವರಿಗೆ ಒಂದು ಇಸಿಜಿ ತೆಗೆಯಿರಿ ಎಂದಷ್ಟೇ ಹುಡುಗರಿಗೆ ಹೇಳುತ್ತೇನೆ.

ನೂರು ವರ್ಷದ ನಂತರ, 1957ರಲ್ಲಿ, ನಾರ್ವೆಯ ಯೆರ್ವೆಲ್ ಮತ್ತು ಲಾಂಗೆ ನೀಲ್ಸನ್ ಒಂದು ಕುಟುಂಬದ ವಿವರ ಪ್ರಕಟಿಸಿದರು. ಆರು ಮಕ್ಕಳಲ್ಲಿ ನಾಲ್ವರಿಗೆ ಹುಟ್ಟು ಕಿವುಡು, ಪದೇ ಪದೇ ಎಚ್ಚರ ತಪ್ಪುತ್ತಿತ್ತು. ಮೂವರು ಎಳೆಯ ವಯಸ್ಸಿನಲ್ಲೇ ಸತ್ತರು. ಇಸಿಜಿಯಲ್ಲಿ ಕ್ಯೂಟಿ ಉದ್ದವಾಗಿತ್ತು. (ಲಾಂಗೆ ನೀಲ್ಸನ್ ಜಾಝ್ ಸಂಗೀತಗಾರ ಕೂಡ, ಬಾಸ್ ನುಡಿಸುತ್ತಿದ್ದ. ಲಯ ತಪ್ಪಿದ್ದು ಅವನ ಕಿವಿಗೆ ಬೇಗ ಬಿದ್ದಿರಬೇಕು ಎಂದು ನಾನು ತಮಾಷೆ ಮಾಡುವುದುಂಟು.) ಇಟಲಿಯ ರೊಮಾನೊ 1963ರಲ್ಲಿ, ಐರ್ಲೆಂಡಿನ ವಾರ್ಡ್ 1964ರಲ್ಲಿ, ಕಿವಿ ಚೆನ್ನಾಗಿ ಕೇಳುವ ಮಕ್ಕಳಲ್ಲೂ ಇದೇ ತೊಂದರೆ ಕಂಡರು. 1979ರಲ್ಲಿ ಅಮೆರಿಕದ ಮಾಸ್, ಇಟಲಿಯ ಶ್ವಾರ್ಟ್ಸ್ ಮತ್ತವರ ಜೊತೆಗಾರರು ಲೋಕದ ಎಲ್ಲೆಡೆಯಿಂದ ಇಂಥ ಕುಟುಂಬಗಳ ವಿವರ ಕಲೆಹಾಕುವ ಒಂದು ದಾಖಲೆ ಶುರು ಮಾಡಿದರು. ಎಲ್ಲೋ ಒಬ್ಬ ವೈದ್ಯ ಒಂದು ಮನೆಯ ಸಾವುಗಳನ್ನು ಕೂತು ಬರೆದುಕೊಂಡದ್ದರ ಮೊತ್ತ ಅದು. 1991ರಲ್ಲಿ ಯೂಟಾದ ಒಂದು ದೊಡ್ಡ ಕುಟುಂಬದ ವಂಶವೃಕ್ಷವನ್ನೇ ಹಿಡಿದು ಕೀಟಿಂಗ್ ಅವರ ತಂಡ ಈ ರೋಗದ ನೆಲೆ 11ನೇ ವರ್ಣತಂತುವಿನಲ್ಲಿದೆ ಎಂದು ತೋರಿಸಿತು. ಜೀನು ಕೈಗೆ ಸಿಕ್ಕಿದ್ದು 1996ರಲ್ಲಿ.

ಎರಡನೇ ಬಗೆಯ ಜೀನಿನ ಹೆಸರಿನ ಕಥೆ ಕೇಳಿದರೆ ಹುಡುಗರಿಗೆ ಖುಷಿ. 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹಣ್ಣಿನ ನೊಣಗಳಿಗೆ ಈಥರ್ ಕೊಟ್ಟು ಮಲಗಿಸುತ್ತಿದ್ದರು. ಕೆಲವು ನೊಣಗಳು ಮಲಗಿದಲ್ಲೇ ಕಾಲು ಕುಣಿಸುತ್ತಿದ್ದವು. ಆ ಕಾಲದ ಕ್ಲಬ್ಬುಗಳಲ್ಲಿ ನಡೆಯುತ್ತಿದ್ದ ಗೋಗೋ ಕುಣಿತದಂತೆ ಕಂಡು ಆ ಜೀನಿಗೆ ‘ಈಥರ್ ಎ ಗೋಗೋ’ ಎಂದು ಹೆಸರಿಟ್ಟರು. ಮನುಷ್ಯನಲ್ಲಿರುವ ಅದರ ನೆಂಟನೇ ಹರ್ಗ್. ಇವತ್ತು ಯಾವ ಹೊಸ ಔಷಧಿ ಬಂದರೂ ಈ ಹರ್ಗ್ ತೂಬನ್ನು ಕಟ್ಟಿಹಾಕುತ್ತದೆಯೇ ಎಂದು ನೋಡಿಯೇ ಮುಂದಕ್ಕೆ ಬಿಡುವುದು. ಟರ್ಫೆನಡಿನ್ ಎಂಬ ಅಲರ್ಜಿ ಮಾತ್ರೆ ಅಮೆರಿಕದ ಅಂಗಡಿಗಳಿಂದ ಮಾಯವಾದದ್ದು ಇದೇ ಕಾರಣಕ್ಕೆ. 2020ರಲ್ಲಿ ಕೋವಿಡ್‌ಗೆಂದು ಹೈಡ್ರಾಕ್ಸಿಕ್ಲೋರೊಕ್ವಿನ್, ಅಜಿಥ್ರೊಮೈಸಿನ್ ಎರಡನ್ನೂ ಒಟ್ಟಿಗೆ ಕೊಡುವಾಗ ಇಸಿಜಿ ತೆಗೆಯಿರಿ ಎಂದು ಹೇಳುತ್ತಿದ್ದುದೂ ಇದೇ ಕ್ಯೂಟಿಗಾಗಿ.

ನಮ್ಮ ಹುಡುಗಿಯನ್ನು ಮೈಸೂರಿನ ಹೃದ್ರೋಗ ತಜ್ಞರಿಗೆ ತೋರಿಸಿದೆವು. ರೋಗ ಅದೇ ಎಂದಾಯಿತು. ಟಿ ಅಲೆಯ ಆಕಾರ, ಓಟ, ನಾಲೆ ಎಲ್ಲವೂ ಒಂದನೇ ಬಗೆಯ ಕಡೆಗೇ ಬೊಟ್ಟು ಮಾಡುತ್ತಿದ್ದವು. ಔಷಧಿ ಪ್ರೊಪ್ರನೊಲಾಲ್, ಬಹಳ ಹಳೆಯ, ಬಹಳ ಅಗ್ಗದ ಮಾತ್ರೆ. ಒಂದನೇ ಬಗೆಯವರಿಗೆ ಅದು ಚೆನ್ನಾಗಿಯೇ ಕಾವಲು ಕಾಯುತ್ತದೆ, ಒಂದು ಹೊತ್ತೂ ತಪ್ಪಿಸದಿದ್ದರೆ. ಫಿಟ್ಸ್ ಮಾತ್ರೆಯನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿದರು. ಓಟದ ಸ್ಪರ್ಧೆ ಇಲ್ಲ, ನಾಲೆಗೆ ಇಳಿಯುವಂತಿಲ್ಲ. ಹುಡುಗಿ ಅತ್ತದ್ದು ಅದೊಂದಕ್ಕೇ. ತಗೊಳ್ಳಬಾರದ ಔಷಧಿಗಳ ಒಂದು ಪಟ್ಟಿ ಬೇಕಿತ್ತು. ಹಳ್ಳಿಯ ಕ್ಲಿನಿಕ್ಕಿನಲ್ಲಿ ಕೆಮ್ಮಿಗೆ ಅಜಿಥ್ರೊಮೈಸಿನ್, ವಾಂತಿಗೆ ಓಂಡಾನ್ಸೆಟ್ರಾನ್ ಕೊಡುವುದು ನೀರು ಕುಡಿದಷ್ಟು ಸಲೀಸು. ರಾಜಸ್ಥಾನದ ಹುಡುಗಿ ಅಷ್ಟೂ ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ತಾನೇ ಬರೆದಳು. ಒತ್ತಕ್ಷರಗಳಿಗೆ ಮಾತ್ರ ನನ್ನ ಸಹಾಯ ಬೇಕಾಯಿತು. ವಾಂತಿಭೇದಿ ಆದರೆ ಪೊಟ್ಯಾಸಿಯಂ ಇಳಿದು ಅಪಾಯ ಹೆಚ್ಚುತ್ತದೆ, ಕೂಡಲೇ ಓಆರ್‌ಎಸ್, ಎಳನೀರು ಕೊಟ್ಟು ಆಸ್ಪತ್ರೆಗೆ ಕರೆತನ್ನಿ ಎಂಬುದನ್ನು ಕೊನೆಗೆ ಸೇರಿಸಿ ಲ್ಯಾಮಿನೇಟ್ ಮಾಡಿಸಿ ಕೊಟ್ಟೆವು.

ಆದರೆ ಈ ಕಾಯಿಲೆಯಲ್ಲಿ ಮಂಚದ ಮೇಲಿರುವವರು ರೋಗಿಗಳಲ್ಲಿ ಒಬ್ಬರು ಮಾತ್ರ. ಹೆತ್ತವರಲ್ಲಿ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಮನೆಯವರಿಗೆಲ್ಲ ಇಸಿಜಿ ತೆಗೆದೆವು. ತಂದೆಯದು ಸರಿಯಿತ್ತು. ತಾಯಿಯ ಕ್ಯೂಟಿ ಉದ್ದ, ಅವಳು ಜನ್ಮದಲ್ಲಿ ಒಂದು ದಿನವೂ ತಲೆಸುತ್ತಿ ಬಿದ್ದವಳಲ್ಲ. ಹತ್ತು ವರ್ಷದ ತಮ್ಮನದೂ ಉದ್ದ. ಅವನಿಗೂ ಅವತ್ತೇ ಮಾತ್ರೆ ಶುರುವಾಯಿತು. ಅಜ್ಜಿಯದನ್ನು ಕೊನೆಗೆ ತೆಗೆದೆವು. ಎಪ್ಪತ್ತರ ಹತ್ತಿರದ ಜೀವ, ಈಗಲೂ ಗದ್ದೆಯಲ್ಲಿ ಕಳೆ ಕೀಳುವವರು. ಅವರ ಪಟ್ಟಿಯಲ್ಲೂ ಅದೇ ಅಗಲವಾದ ಟಿ ಅಲೆ.

“ಹಂಗಾರೆ ಇದು ನನ್ನಿಂದ ಬಂದದ್ದಾ?” ಎಂದರು ಅಜ್ಜಿ. ಯಾರನ್ನು ಕೇಳಿದರೋ ಗೊತ್ತಿಲ್ಲ. ನಾನು ಒಂದು ವಿವರಣೆಗೆ ಪದ ಹುಡುಕುತ್ತಿದ್ದೆ. ಅಷ್ಟರಲ್ಲಿ ಆ ಹುಡುಗಿ, “ನಿಮಗೂ ಯಾರೋ ಕೊಟ್ಟದ್ದು, ಅಜ್ಜಿ. ಅವರಿಗೂ ಯಾರೋ ಕೊಟ್ಟದ್ದು,” ಎಂದಳು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಅಲ್ಲ ಕಣವ್ವ, ಇಪ್ಪತ್ತೆಂಟ್ ವರ್ಸ ಆ ನಾಲೆ ಕಡೀಕೆ ತಿರುಗ್ ನೋಡಿಲ್ಲ ನಾನು. ನೀರಿನ್ ಮೇಲೆ ಸುಮ್ಕೆ ಕ್ವಾಪ ಮಾಡ್ಕಂಡಿದ್ನಲ್ಲ,” ಎಂದರು.

ವಿಷಯ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ವಂಶವೃಕ್ಷದಲ್ಲಿ ಇನ್ನೊಂದು ಚೌಕವಿದೆ. ಅಜ್ಜಿಯ ಕಿರಿಯ ಮಗ, ಹುಡುಗಿಯ ಸೋದರಮಾವ. ಇಪ್ಪತ್ತೆಂಟು ದಾಟಿಲ್ಲ, ಅಣ್ಣ ಹೋದ ವರ್ಷ ಕೈಗೂಸು. ಈಗ ಕಬ್ಬಿನ ಲಾರಿ ಓಡಿಸುತ್ತಾನೆ. ಹುಡುಗಿಗೆ ಹದಿನೆಂಟು ತುಂಬಿದ ಮೇಲೆ ಅವನಿಗೇ ಕೊಡುವುದೆಂದು ಮಾತಾಗಿದೆ ಎಂದು ತಾಯಿ ಸಹಜವಾಗಿ ಹೇಳಿದಳು. ಈ ಸೀಮೆಯಲ್ಲಿ ಅದು ಹೊಸ ಮಾತಲ್ಲ. ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮ ಕಡೆ ಪ್ರೀತಿ, ಆಸ್ತಿ, ನಂಬಿಕೆ ಎಲ್ಲವೂ ಸೇರಿದ ವ್ಯವಹಾರ. ಆದರೆ ಅವನಿಗೂ ಅದೇ ಊನವಿದ್ದರೆ? ಎರಡೂ ಕಡೆಯ ಕೆಟ್ಟ ಪ್ರತಿ ಒಂದೇ ಮಗುವಿಗೆ ಸೇರುವ ಸಾಧ್ಯತೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು. ಹಾಗೆ ಹುಟ್ಟುವ ಮಗುವೇ ನಾರ್ವೆಯ ಆ ಮಕ್ಕಳು, ಕಿವಿ ಕೇಳದ, ಎದೆ ನೆಚ್ಚುವಂತಿಲ್ಲದ ಮಕ್ಕಳು. ಒಳಗಿವಿಯ ದ್ರವಕ್ಕೆ ಪೊಟ್ಯಾಸಿಯಂ ಹರಿಸುವುದೂ ಇದೇ ತೂಬು. ಮೈಸೂರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆಯಿದೆ, ಸುತ್ತಲಿನ ಜಿಲ್ಲೆಗಳಿಂದ ಕಿವುಡು ಮಕ್ಕಳನ್ನು ಎತ್ತಿಕೊಂಡು ತಾಯಂದಿರು ಅಲ್ಲಿಗೆ ಹೋಗುತ್ತಾರೆ. ಕಿವುಡು ಮಗು ಎಚ್ಚರ ತಪ್ಪಿ ಬಿತ್ತು ಎಂದರೆ ಇಸಿಜಿ ಆಗಲೇಬೇಕು ಎಂಬುದನ್ನು ನಾನು ಪ್ರತಿ ಬ್ಯಾಚಿಗೂ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ.

ಇದನ್ನು ಅವರಿಗೆ ಹೇಳಬೇಕೋ ಬೇಡವೋ ಎಂದು ವಿದ್ಯಾರ್ಥಿಗಳ ನಡುವೆ ದೊಡ್ಡ ಚರ್ಚೆಯೇ ಆಯಿತು. ಹೇಳದಿದ್ದರೆ ಹೇಗೆ ಎಂದರು ಕೆಲವರು. ಹೇಳಿದರೆ ಹುಡುಗಿಯ ಮದುವೆಯೇ ನಿಲ್ಲುತ್ತದೆ, ಅವನ ಲೈಸೆನ್ಸೂ ಹೋಗುತ್ತದೆ ಎಂದರು ಇನ್ನು ಕೆಲವರು. ಹದಿನಾಲ್ಕರ ಹುಡುಗಿಗೆ ನಿಶ್ಚಯವಾದ ಮದುವೆಯ ಬಗ್ಗೆ ನಮಗೇಕೆ ಇಷ್ಟು ಮರುಕ ಎಂದು ಒಬ್ಬಳು ಕೇಳಿದಾಗ ಯಾರಲ್ಲೂ ಉತ್ತರವಿರಲಿಲ್ಲ. ಕಡೆಗೆ ತಂದೆ ತಾಯಿಯನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಹೇಳಿದೆ, ಎರಡು ಸಲ. ತಂದೆ ತಲೆಯಾಡಿಸಿದ. ತಾಯಿ, “ಅವ್ನ್ ಬಂದು ತೋರುಸ್ಕೊಂಡ್ರೆ ತಾನೆ ಗೊತ್ತಾಗೋದು?” ಎಂದಳು. ಅದು ಸರಿಯಾದ ಮಾತು. ಇನ್ನೊಂದು ತೊಡಕೂ ಇದೆ. ಇಸಿಜಿ ಸರಿಯಿದ್ದ ಮಾತ್ರಕ್ಕೆ ಜೀನೂ ಸರಿಯಿದೆ ಎನ್ನಲು ಬರುವುದಿಲ್ಲ, ಊನವಿದ್ದೂ ಕ್ಯೂಟಿ ಮಾಮೂಲಾಗಿರುವವರು ಉಂಟು. ಖಚಿತವಾಗಬೇಕಾದರೆ ಮೊದಲು ಹುಡುಗಿಯ ರಕ್ತದಲ್ಲಿ ಜೀನ್ ಪರೀಕ್ಷೆ ಆಗಬೇಕು, ಅಲ್ಲಿ ಸಿಕ್ಕ ಊನವನ್ನು ಉಳಿದವರಲ್ಲಿ ಹುಡುಕಬೇಕು. ಆ ಖರ್ಚು ಆ ಮನೆಗೆ ಸಣ್ಣದಲ್ಲ. ಸದ್ಯಕ್ಕೆ ಮಾಡಿಸಿಲ್ಲ.

ತಿಂಗಳಿಗೊಮ್ಮೆ ಹುಡುಗಿಯನ್ನೂ ಅವಳ ತಮ್ಮನನ್ನೂ ಬೈಕಿನಲ್ಲಿ ಕೂರಿಸಿಕೊಂಡು ಬರುವವನು ಆ ಮಾವನೇ. ಮಾತ್ರೆ ತಪ್ಪದಂತೆ ನೋಡಿಕೊಳ್ಳುವವನೂ ಅವನೇ ಎಂದು ತಾಯಿ ಹೇಳುತ್ತಾಳೆ. ಮಕ್ಕಳನ್ನು ಒಳಗೆ ಕಳಿಸಿ ತಾನು ಗೇಟಿನ ಹೊರಗೆ ಹೊಂಗೆ ಮರದ ಕೆಳಗಿನ ಟೀ ಗಾಡಿಯ ಹತ್ತಿರ ನಿಲ್ಲುತ್ತಾನೆ. ರಾಜಸ್ಥಾನದ ಹುಡುಗಿ ಈಗ ನಮ್ಮಲ್ಲೇ ಹೌಸ್ ಸರ್ಜನ್. ಅವಳು ಎರಡು ಸಲ ಹೋಗಿ ಕರೆದು ಬಂದಳು. “ಅಣ್ಣ, ಐದು ನಿಮಿಷ, ಸೂಜಿ ಇಲ್ಲ, ನೋವು ಇಲ್ಲ.” ಅವನು ನಕ್ಕು ಅವಳಿಗೂ ಒಂದು ಟೀ ಹೇಳಿದನಂತೆ.

ಕಳೆದ ತಿಂಗಳು ನಾನೇ ಹೋದೆ. ನನ್ನನ್ನು ಕಂಡು ಬೀಡಿ ಬಿಸಾಡಿದ. ಹುಡುಗಿ ಹೇಗಿದ್ದಾಳೆ ಎಂದು ಕೇಳಿದ, ಒಂದು ವರ್ಷದಿಂದ ಒಂದು ಸಲವೂ ಬಿದ್ದಿಲ್ಲ ಎಂದೆ. ತಮ್ಮ? ಅವನೂ ಚೆನ್ನಾಗಿದ್ದಾನೆ. “ನೀನು?” ಎಂದೆ.

“ನಂ ಓನರ್‌ಗೆ ಗೊತ್ತಾದ್ರೆ ನಾಳೆನೇ ಕೀ ಕಿತ್ಕೋತಾನೆ ಸಾ. ಕಬ್ಬ್ ಮುಗೀಲಿ, ಬತ್ತೀನಿ.”

ಕಬ್ಬು ಮುಗಿಯಲು ಇನ್ನೂ ಎರಡು ತಿಂಗಳಿದೆ.